ಮೊಳೆಗೆ ಹಾಕಿದ ಬಳೆ

ಬೆಳಗಿನ ಆರೂವರೆಗೆ ನನ್ನ ಬಲಗೈ ಮಣಿಕಟ್ಟಿನ ಬಳೆ ಎರಡು ಸಲ ನಡುಗಿತು.

"ಶುಭೋದಯ, ಬನಶಂಕರಿ ಅವರೇ. ಇಂದಿನ ನಿಮ್ಮ ಗುರಿ: ಅಂಗಳದವರೆಗೆ ನಡೆದು ಹಿಂತಿರುಗುವುದು. ನಿಮ್ಮಿಂದ ಇದು ಸಾಧ್ಯ."

ಅಂಗಳ ಅಂದರೆ ನನ್ನ ಹಾಸಿಗೆಯಿಂದ ಹದಿನೆಂಟು ಹೆಜ್ಜೆ. ಹೋದೆ, ತುಳಸಿಕಟ್ಟೆ ಮುಟ್ಟಿ ಬಂದೆ. ಬಳೆಯಲ್ಲಿ ಹಸಿರು ದೀಪ ಹತ್ತಿತು. "ಅಭಿನಂದನೆಗಳು. ಸತತ ಐವತ್ತೆರಡನೆಯ ದಿನ ನೀವು ಗುರಿ ಮುಟ್ಟಿದ್ದೀರಿ."

ನನಗೆ ನಲವತ್ತೊಂಬತ್ತು ವರ್ಷ. ತುಳಸಿಕಟ್ಟೆ ಮುಟ್ಟಿದ್ದಕ್ಕೆ ಹೊಗಳಿಸಿಕೊಳ್ಳುವ ವಯಸ್ಸು ಯಾವಾಗಲೋ ದಾಟಿದೆ. ನಮ್ಮ ಅತ್ತೆ ಒಂದು ಮಾತು ಹೇಳುತ್ತಿದ್ದಳು: ಬೈಯುವವರನ್ನು ನಂಬು, ದಿನಾ ಹೊಗಳುವವರ ಕೈಯಲ್ಲಿ ಏನಿದೆ ನೋಡು. ಐವತ್ತೆರಡು ದಿನದಿಂದ ಈ ಬಳೆ ನನ್ನನ್ನು ಹೊಗಳುತ್ತಿತ್ತು. ಐವತ್ತೆರಡು ದಿನದಿಂದ ನನ್ನ ಕೈ ಕೆಡುತ್ತಾ ಬಂದಿತ್ತು. ಎರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ?

ನನ್ನ ರೋಗ ಸಂಧಿವಾತ. ಮೈಯೇ ತನ್ನ ಕೀಲುಗಳ ಮೇಲೆ ಹಗೆ ಸಾಧಿಸುವ ಬಗೆಯದು. ವಾಸಿಯಾಗುವುದಿಲ್ಲ, ಕೊಲ್ಲುವುದೂ ಇಲ್ಲ, ಜತೆಗೇ ಸಂಸಾರ ಮಾಡುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಒಂದು ತಾಸು ಬೇಕು. ವಾರಕ್ಕೊಂದು ದಿನ ಗುಳಿಗೆ, ಅದರ ಮರುದಿನ ಹೊಟ್ಟೆ ತೊಳಸುವುದು. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ.

ಬಳೆ ಬಂದದ್ದು ಮಾಘದಲ್ಲಿ, ಶಿವರಾತ್ರಿಗೆ ವಾರ ಮುಂಚೆ. ಇಳಕಲ್ಲಿನ ನಮ್ಮ ಓಣಿಗೆ ಆರೋಗ್ಯ ಕೇಂದ್ರದವರು ಬಂದು, ಹೊಸ ಪ್ರಯೋಗಕ್ಕೆಂದು ಕೀಲುನೋವಿನ ಹೆಂಗಸರ ಹೆಸರು ಬರೆದುಕೊಂಡು, ಬಳೆ ತೊಡಿಸಿ ಹೋದರು. ಬಳೆ ಮೈಯ ಕಾವು, ನಾಡಿ, ಕೀಲಿನ ಬಾವು, ಬೆವರಿನಲ್ಲಿ ಇಳಿಯುವ ಉರಿಯ ಗುರುತು, ಕೈಯ ಚಲನೆ ಎಲ್ಲವನ್ನೂ ಅಳೆಯುತ್ತದಂತೆ. ಅಳೆದದ್ದನ್ನು ಕೇಂದ್ರದ ಯಂತ್ರ ಓದಿ, ನಾಳೆ ನಿಮ್ಮ ಮೈಗೆ ಎಷ್ಟು ತ್ರಾಣ ಇರುತ್ತದೆ ಎಂದು ಇವತ್ತೇ ತಿಳಿದು, ಅಷ್ಟಕ್ಕೆ ತಕ್ಕ ಗುರಿ ಕೊಡುತ್ತದಂತೆ. ದೊಡ್ಡ ಗುರಿ ನಾವು ಹೇಳಬೇಕು. ಅದಕ್ಕೆ ಮೆಟ್ಟಿಲು ಕಟ್ಟುವ ಕೆಲಸ ಯಂತ್ರದ್ದು.

ದೊಡ್ಡ ಗುರಿ ಕೇಳಿದವಳು ನಫೀಸಾ. ಕೇಂದ್ರದಲ್ಲಿ ನಮ್ಮ ಲೆಕ್ಕ ನೋಡುವ ಹುಡುಗಿ, ನಮ್ಮೂರಿನ ಕೆಳಗಿನ ಪೇಟೆಯವಳೇ. ಅವಳ ತಾಯಿಗೂ ಇದೇ ರೋಗ, ಇದೇ ಬಳೆ.

"ನಿಮಗ ಏನ್ ಮಾಡಬೇಕಂತ ಐತಿ, ಅಕ್ಕಾರ?" ಎಂದು ಕೇಳಿದಳು.

"ನನ್ನ ಮಗಳು ಅಂಬಿಕಾ ಬಸರಿ, ಈಗ ಮೂರು ತಿಂಗಳು. ಏಳರಾಗ ಕುಬಸ ಮಾಡಬೇಕು. ಆಕಿಗೆ ಉಡಸೋ ಹಸರ ಸೀರಿಗೆ ಸೆರಗು ನಾನ ಕೂಡಿಸಬೇಕು" ಅಂದೆ.

ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ಸೆರಗು ಕೂಡಿಸುವುದು ಹೊರಗಿನವರಿಗೆ ಸಣ್ಣ ಮಾತು. ನಮ್ಮ ಸೀರೆಯಲ್ಲಿ ಮೈಯ ಹಾಸು, ಅಂದರೆ ಮಗ್ಗಕ್ಕೆ ಹೂಡುವ ಉದ್ದದ ಎಳೆ, ಬೇರೆ; ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಆಮೇಲೆ ನೇಯ್ಗೆ. ಸಾವಿರಾರು ಎಳೆ. ಬೆರಳು ನೆಟ್ಟಗಿದ್ದಾಗ ನಾನು ಓಣಿಗೇ ಹೆಸರಾಗಿದ್ದೆ. ನನ್ನ ಕುಬಸಕ್ಕೆ ನನ್ನವ್ವ ಕೂಡಿಸಿದ್ದಳು, ಅವಳದಕ್ಕೆ ಅವಳವ್ವ. ತವರಿನ ಸೀರೆಗೆ ಬೇರೆಯವರ ಕೈ ಬಿದ್ದರೆ ಯಾರೂ ಸಾಯುವುದಿಲ್ಲ, ನಿಜ. ಆದರೆ ನನಗೆ ಅದು ಬೇಕಿತ್ತು. ಬೇಕು ಅನ್ನುವುದಕ್ಕೆ ಕಾರಣ ಕೊಡುತ್ತಾ ಕೂರುವವಳಲ್ಲ ನಾನು.

ಮೊದಲ ಎರಡು ತಿಂಗಳು ಬಳೆ ನೆಟ್ಟಗಿತ್ತು. "ಇಂದು ಮೂರು ತಾಸು ಕುಳಿತು ಕೆಲಸ ಮಾಡಿ" ಎನ್ನುತ್ತಿತ್ತು. ನೂಲು ಸುತ್ತಿದೆ, ನಮ್ಮ ಯಜಮಾನರ ಜತೆ ಹಳೆಯ ಮಗ್ಗಕ್ಕೆ ಹಾಸು ಹೂಡಿದೆ, ಆಮೇಲೆ ಕೊಂಡಿಗೆ ಕುಳಿತೆ. ದಿನಾ ಬೆಳಿಗ್ಗೆ ಏಳರಿಂದ ಹತ್ತು. ಕೈ ಬಿಸಿಯಾದಂತೆ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಯುಗಾದಿ ದಾಟುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಎಳೆ ಕೂಡಿತ್ತು.

ಆಮೇಲೆ ಬಳೆಯ ಮಾತು ತಿರುಗಿತು. "ವಿಶ್ರಾಂತಿ ನಿಮಗೆ ಒಳ್ಳೆಯದು ಮಾಡುತ್ತಿದೆ. ಇಂದು ಒಂದು ತಾಸು ಮಾತ್ರ ಕೆಲಸ." ಮರುವಾರ ಅರ್ಧ ತಾಸು. ಆಮೇಲೆ ಕೆಲಸ ಬೇಡ, ನಡೆದಾಡಿ. ಆಮೇಲೆ ಓಣಿಯ ಕೊನೆಯವರೆಗೆ. ಈಗ ಅಂಗಳ. ದೊಡ್ಡ ಡಾಕ್ಟರರ ಯಂತ್ರ, ನನಗಿಂತ ಹೆಚ್ಚು ತಿಳಿದಿರುತ್ತದೆ ಎಂದು ಅದು ಹೇಳಿದಂತೆ ನಡೆದೆ. ಅರ್ಧ ಕೂಡಿದ ಹಾಸಿನ ಮೇಲೆ ಹಳೆಯ ಪಂಚೆ ಮುಚ್ಚಿ ಇಟ್ಟೆ. ಬೆರಳು ದಿನದಿನಕ್ಕೆ ಸೆಟೆದವು. ಕುಬಸಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು. ಆಷಾಢ ಬಂದರೆ ಮುಗಿಯಿತು, ಮುಂದಕ್ಕೆ ಹಾಕುವ ಹಾಗಿಲ್ಲ.

ನನಗೆ ಸಂಶಯ ಬಂದದ್ದು ಮೊದಲು ಮನೆಯವರ ಮೇಲೆ. ಸುಳ್ಳು ಯಾಕೆ ಹೇಳಲಿ, ನೆಗೆಣ್ಣಿ ಪಾರಕ್ಕನ ಮೇಲೆ. ನಮ್ಮ ಯಜಮಾನರ ಅಣ್ಣನ ಹೆಂಡತಿ, ಗೋಡೆಯಾಚೆ ಅವರ ಪಾಲು. ನಾನು ಕೈಬಿಟ್ಟ ಮೇಲೆ ಓಣಿಯ ಕೊಂಡಿ ಕೆಲಸವೆಲ್ಲ ಅವಳಿಗೇ ಹೋಗುತ್ತದೆ. ಬಳೆಗೆ ಕಿವಿಯಿದೆ ಎಂದು ಕೇಳಿದ್ದೆ. ದಿನಾ ಸಂಜೆ ಬಂದು ನನ್ನ ಪಕ್ಕ ಕೂತು "ಪಾಪ, ಕೈ ಭಾಳ ಬಾತೈತಿ, ನಿನ್ನ ಕೈಲೆ ಏನೂ ಆಗಂಗಿಲ್ಲ ಬಿಡು" ಎಂದು ಅನ್ನುವವಳು ಅವಳೇ. ಅದನ್ನು ಕೇಳಿ ಕೇಳಿಯೇ ಬಳೆ ಹೀಗಾಗಿದೆ ಎಂದುಕೊಂಡೆ. ಒಂದು ಸಂಜೆ ಅವಳು ಬಂದಾಗ ಕೈಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡೆ. ಮರುದಿನವೂ ಗುರಿ ಅಂಗಳವೇ ಆಗಿತ್ತು.

ಅದೇ ದಿನ ಮಧ್ಯಾಹ್ನ ಗೋಡೆಯಾಚೆ ನಮ್ಮ ಯಜಮಾನರ ದನಿ ಕೇಳಿಸಿತು.

"ವೈನಿ, ಅದನ್ನ ನೀವ ಕೂಡಿಸಿಬಿಡ್ರಿ. ಆಕಿ ಮಲಗಿದಾಗ ಬಂದು ಮಾಡ್ರಿ. ಆಕಿಗೆ ಹೇಳೂದು ಬ್ಯಾಡ."

ಎದೆ ಉರಿಯಿತು. ಸೆಟೆದ ಕಾಲಲ್ಲೇ ಹೊಸ್ತಿಲು ದಾಟಿ ಅವರ ಪಡಸಾಲೆಗೆ ಹೋದೆ. ಅಷ್ಟರಲ್ಲಿ ಪಾರಕ್ಕ ಉತ್ತರ ಕೊಡುತ್ತಿದ್ದಳು.

"ಕಳ್ಳತನದಾಗ ಕೂಡಿಸಾಕ ಇದೇನ್ ಕದ್ದ ಮಾಲೇನಪ್ಪ? ನಾಳೆ ಅಂಬಿಕಾ ನಮ್ಮವ್ವನ ಕೈದು ಅಂತ ಮುಟ್ಟಿ ನೋಡ್ತಾಳ. ಆಗ ನಾ ಎಲ್ಲಿ ನೋಡ್ಲಿ?"

ಗಂಡನ ಕಡೆ ತಿರುಗಿದೆ. "ನನಗ ಹೇಳದ ಯಾಕ ಹಿಂಗ ಮಾಡಾಕತ್ತೀರಿ?"

"ನಿನ್ನ ಕೈ ನೋಡಾಕ ಆಗವಲ್ದು. ಬಳಿ ಹೇಳಿದ್ದು ಕೇಳು ಅಂದ್ರ ನೀ ಒಳಗೊಳಗ ಕುದೀತಿ. ಸೀರಿ ಆದ್ರ ನಿನಗ ಸಮಾಧಾನ ಆಗ್ತೈತಿ ಅಂದ್ಕೊಂಡೆ" ಎಂದರು. ತಲೆ ಎತ್ತಿ ಮಾತಾಡಲಿಲ್ಲ.

ಅಂತೂ ಮನೆಯೊಳಗೆ ಕಳ್ಳರಿರಲಿಲ್ಲ, ಹೆದರಿದವರಿದ್ದರು. ಪಾರಕ್ಕನ ಮೇಲೆ ಸಂಶಯಪಟ್ಟದ್ದಕ್ಕೆ ನಾಚಿಕೆಯಾಯಿತು. ಆದರೆ ಸಂಶಯ ಹೋಗಲಿಲ್ಲ, ಜಾಗ ಬದಲಿಸಿತು. ಮರುದಿನ ಬೆಳಿಗ್ಗೆ ಬಳೆ "ಅಂಗಳದವರೆಗೆ" ಎಂದಾಗ, ನಾನು ಓಣಿ ದಾಟಿ, ಚಾಲಕನಿಲ್ಲದ ಬಸ್ಸು ಹತ್ತಿ ಕೇಂದ್ರಕ್ಕೆ ಹೋದೆ. ದಾರಿಯುದ್ದಕ್ಕೂ ಬಳೆ ಕೆಂಪಾಗಿ ನಡುಗುತ್ತಿತ್ತು. "ನೀವು ಗುರಿಯನ್ನು ಮೀರುತ್ತಿದ್ದೀರಿ. ದಯವಿಟ್ಟು ಹಿಂತಿರುಗಿ."

ಕೇಂದ್ರದ ಒಳಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಯಗಲ ಪರದೆ, ಅದರ ಮೇಲೆ ಮುನ್ನೂರು ಚುಕ್ಕಿ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು. ಎಲ್ಲವೂ ಹಸಿರು, ಒಂದು ಬಿಟ್ಟು. ಆ ಕೆಂಪು ಚುಕ್ಕಿ ನಾನೇ ಎಂದು ತಿಳಿಯಲು ಓದು ಬರಹ ಬೇಕಿರಲಿಲ್ಲ.

"ಅಕ್ಕಾರ, ನೀವು ಹಿಂಗ ಒಳಗ ಬರಬಾರದ್ರಿ" ಎಂದಳು ನಫೀಸಾ.

"ನನ್ನ ಬಗ್ಗೆ ಏನ್ ಬರದೀರಿ, ನನಗ ತೋರಿಸ್ರಿ. ನೋಡೇ ಹೋಗ್ತೀನಿ."

ಅವಳು ಅತ್ತಿತ್ತ ನೋಡಿ ನನ್ನ ಹೆಸರು ಒತ್ತಿದಳು. ಉದ್ದಕ್ಕೆ ಒಂದು ಗೆರೆ ಬಂತು, ಮೇಲೆದ್ದರೆ ಉರಿ ಹೆಚ್ಚು, ಕೆಳಗಿಳಿದರೆ ಕಡಿಮೆ. ಅದರ ಕೆಳಗೆ ದಿನದಿನದ ಪಟ್ಟಿ. ಮೊದಲ ಎರಡು ತಿಂಗಳು ಗೆರೆ ಇಳಿದಿತ್ತು, ಆಮೇಲೆ ಏರಿತ್ತು.

"ಇಲ್ಲಿ ನೋಡ್ರಿ, ಮೊದಲ ನೀವು ಭಾಳ ಚಂದ ಸುಧಾರಿಸಿದ್ರಿ. ದಿನಾ ಏಳರಿಂದ ಹತ್ತರ ತನಕ ವಿಶ್ರಾಂತಿ ತೊಗೊಂಡೀರಿ. ಅದಕ್ಕ ಯಂತ್ರ ವಿಶ್ರಾಂತಿ ಹೆಚ್ಚು ಮಾಡೇತಿ."

"ಯಾರು ವಿಶ್ರಾಂತಿ ತೊಗೊಂಡೋರು?"

"ನೀವರಿ."

ನಾನು ಪರದೆಯ ಹತ್ತಿರ ಹೋದೆ. ಇಳಿದ ಗೆರೆಯ ನಡುವೆ ಅಲ್ಲಲ್ಲಿ ಮೊಳೆಯಂತೆ ಮೇಲೆದ್ದ ದಿನಗಳಿದ್ದವು. ತಾರೀಖು ಓದಿಸಿದೆ. ಮೊದಲನೆಯದು ಶಿವರಾತ್ರಿ ಅಮಾವಾಸ್ಯೆಯ ಮರುದಿನ. ಇನ್ನೊಂದು ಯುಗಾದಿ ಅಮಾವಾಸ್ಯೆಯ ಮರುದಿನ, ಅಂದರೆ ಪಾಡ್ಯದ ದಿನ. ನಡುವೆ ಮೂರು ದಿನ ಸಾಲಾಗಿ, ನಾವು ಕಮತಗಿಗೆ ಮದುವೆಗೆ ಹೋದಾಗ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಮದುವೆಗೆ ಹೋದಾಗ ಮಗ್ಗ ಜತೆಗೆ ಬರುವುದಿಲ್ಲ. ಕೆಲಸ ಬಿಟ್ಟಾಗಲೆಲ್ಲ ಉರಿ ಏರಿದೆ, ಕೆಲಸ ಮಾಡಿದಾಗಲೆಲ್ಲ ಇಳಿದಿದೆ. ಯಂತ್ರ ಅದನ್ನೇ ತಲೆಕೆಳಗು ಮಾಡಿ ಓದಿಕೊಂಡಿತ್ತು.

"ಏಳರಿಂದ ಹತ್ತು ನಾನು ಕೊಂಡಿ ಹಾಕ್ತಿದ್ದೆ, ತಂಗಿ. ಮಲಗಿದ್ದಿಲ್ಲ."

"ಆದ್ರ ಆಗ ಬಳಿ ನಿಮ್ಮ ಕೈಯಾಗ ಇಲ್ರಿ. ಖಾಲಿ ಐತಿ."

ಆಗ ನನಗೆ ಹೊಳೆಯಿತು. ಗಾಜಿನ ಬಳೆಯಾದರೆ ಮೊಣಕೈಗೆ ಏರಿಸಿ ಅರಿವೆ ಕಟ್ಟಿಕೊಂಡು ಕೂರುತ್ತೇವೆ. ಈ ಬಳೆ ಬಿಗಿ, ಏರುವುದಿಲ್ಲ. ಅಂಚಿಗೆ ರೇಷ್ಮೆ ಎಳೆ ಸಿಕ್ಕಿದರೆ ಕಿತ್ತೇ ಹೋಗುತ್ತದೆ. ಅದಕ್ಕೆ ಮಗ್ಗಕ್ಕೆ ಕೂರುವ ಮುಂಚೆ ಕಳಚಿ ಕಂಬದ ಮೊಳೆಗೆ ಹಾಕುತ್ತಿದ್ದೆ. ಇದು ಹೇಳುವ ವಿಷಯ ಎಂದು ಯಾರಿಗೆ ಗೊತ್ತು? ಒಲೆಗೆ ಹೋಗುವ ಮುಂಚೆ ಸೆರಗು ಸಿಕ್ಕಿಸಿಕೊಂಡೆ ಎಂದು ಯಾರಾದರೂ ವರದಿ ಕೊಡುತ್ತಾರೆಯೆ?

"ಕಳಚಿಟ್ಟ ಹೊತ್ತನ್ನ ಅದು ಏನಂತ ಬರ್ಕೊಂತದ?" ಎಂದು ಕೇಳಿದೆ.

ನಫೀಸಾ ಪರದೆಯ ಮೇಲೆ ಬೆರಳು ಸರಿಸಿ ನೋಡಿದಳು. "ವಿಶ್ರಾಂತಿ ಅಂತ್ರಿ. ಯಂತ್ರ ಮಾಡಿದ ದೊಡ್ಡ ಊರಾಗ ಜನ ಮಲಗೋ ಮುಂದ ಕಳಚ್ತಾರಂತ. ಹಂಗಂತ ನಿಯಮ ಹಾಕ್ಯಾರ."

ಹೇಳುತ್ತಲೇ ಅವಳ ಮುಖ ಬದಲಾಯಿತು. ನನ್ನ ಹೆಸರು ಸರಿಸಿ ಬೇರೊಂದು ಹೆಸರು ತೆಗೆದಳು. ಅವಳ ತಾಯಿಯದು. ದಿನಾ ಬೆಳಿಗ್ಗೆ ಆರರಿಂದ ಎಂಟು ಖಾಲಿ.

"ಅಮ್ಮಿ ರೊಟ್ಟಿ ಬಡಿಯೋ ಹೊತ್ತು" ಎಂದಳು. "ಹಿಟ್ಟು ಮೆತ್ತತದ ಅಂತ ಬಳಿ ತಗದು ಡಬ್ಬಿ ಮ್ಯಾಲ ಇಡ್ತಾಳ. ನಾನ ದಿನಾ ನೋಡೀನಿ."

ಒಂದೊಂದಾಗಿ ತೆಗೆದಳು. ಖಾಲಿ, ಖಾಲಿ, ಖಾಲಿ. ಜೋಳದ ರೊಟ್ಟಿಯ ನಾಡಿನಲ್ಲಿ ಹಿಟ್ಟಿಗೆ ಕೈ ಹಾಕುವ ಮುಂಚೆ ಬಳೆ ಕಳಚದ ಹೆಂಗಸು ಯಾರು? ಮುನ್ನೂರು ಹೆಂಗಸರ ದುಡಿಮೆಯನ್ನೆಲ್ಲ ಆ ಯಂತ್ರ ನಿದ್ದೆ ಎಂದು ಬರೆದುಕೊಂಡಿತ್ತು. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಹಂಚಿನಾಳರನ್ನು ಕರೆಸಿದಳು. ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡರು.

"ನೀವು ಹೇಳೂದು ಖರೆ ಇರಬಹುದು, ತಾಯಿ. ಆದ್ರ ಪ್ರಯೋಗ ಮುಗಿಯಾಕ ಬಂದದ. ನಡುವ ನಿಯಮ ತಿದ್ದಿದ್ರ ಇಷ್ಟು ದಿನದ ಕೆಲಸ ಹಾಳು. ಹಂಗ ನೋಡಿದ್ರ ಫಲಿತಾಂಶ ಚಲೋ ಅದ. ನೂರಕ್ಕ ತೊಂಬತ್ತೆಂಟು ಮಂದಿ ದಿನದ ಗುರಿ ಮುಟ್ಯಾರ."

"ಅಂಗಳ ಮುಟ್ಟೀವ್ರಿ. ನಾನು ಮೊದಲ ದಿನ ಒಂದು ಗುರಿ ಹೇಳಿದ್ನಲ್ಲ, ಸೀರಿದು. ಅಂಥಾದ್ದು ಎಷ್ಟು ಮಂದಿ ಮುಟ್ಯಾರ?"

ಡಾಕ್ಟರು ನಫೀಸಾಳ ಕಡೆ ನೋಡಿದರು. ಅವಳು ಪರದೆಯಲ್ಲಿ ಹುಡುಕಿದಳು, ಮತ್ತೆ ಹುಡುಕಿದಳು.

"ಅದಕ್ಕ ಕಾಲಂ ಇಲ್ರಿ ಸರ್" ಎಂದಳು.

ನಮ್ಮಿಂದ ಕೇಳಿದ್ದರು, ಬರೆದುಕೊಂಡಿದ್ದರು, ಆದರೆ ಮುಟ್ಟಿದೆವೋ ಇಲ್ಲವೋ ಎಂದು ಗುರುತು ಹಾಕುವ ಜಾಗವನ್ನೇ ಮಾಡಿರಲಿಲ್ಲ. ನನ್ನ ಸಂಶಯಕ್ಕೆ ಇಷ್ಟು ದಿನ ಸಿಗದಿದ್ದ ಹೆಸರು ಅಲ್ಲಿ ಸಿಕ್ಕಿತು. ಯಾರೂ ಮೋಸ ಮಾಡಿರಲಿಲ್ಲ. ಯಾರಿಗೂ ಅದು ಬೇಕಾಗಿರಲಿಲ್ಲ, ಅಷ್ಟೇ. ಗುರಿಯನ್ನು ಕಾಲಬುಡಕ್ಕೆ ತಂದಿಟ್ಟರೆ ಎಲ್ಲರೂ ಮುಟ್ಟುತ್ತಾರೆ, ಎಲ್ಲ ಚುಕ್ಕಿಯೂ ಹಸಿರಾಗುತ್ತದೆ.

ಹೊರಡುವಾಗ ಡಾಕ್ಟರು ಒಂದು ಮಾತು ಮಾತ್ರ ನೆಟ್ಟಗೆ ಹೇಳಿದರು. "ಕೆಲಸ ಮಾಡ್ರಿ, ಬಾವು ಏರಿದ ದಿನ ಬಿಡ್ರಿ. ಒಮ್ಮೆಲೇ ಮಾಡಬ್ಯಾಡ್ರಿ." ಹನ್ನೊಂದು ವರ್ಷದಿಂದ ನನ್ನ ಕೈಯೂ ಅದನ್ನೇ ಹೇಳುತ್ತಿತ್ತು.

ಮರುದಿನ ಏಳು ಗಂಟೆಗೆ ಹಾಸಿನ ಮೇಲಿನ ಪಂಚೆ ತೆಗೆದೆ. ಈ ಸಲ ಬಳೆ ಕಳಚಲಿಲ್ಲ, ಮೇಲೆ ಮೆತ್ತನೆಯ ಅರಿವೆ ಸುತ್ತಿ ಕುಳಿತೆ. ಅದು ನೋಡಲಿ, ಬರೆದುಕೊಳ್ಳಲಿ ಎಂಬ ಹಟ. ಬಳೆ ಅರಿವೆಯೊಳಗೇ ನಡುಗಿತು. "ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ." ಮೊದಲ ದಿನ ಎಪ್ಪತ್ತು ಎಳೆ. ಬೆರಳು ಕಟ್ಟಿಗೆಯಾಗಿದ್ದವು, ಒಂದು ಕೊಂಡಿಗೆ ಮೂರು ಸಲ ಜಾರುತ್ತಿತ್ತು. ನಾಲ್ಕನೆಯ ದಿನಕ್ಕೆ ದಿನದ ಲೆಕ್ಕ ಇನ್ನೂರು ದಾಟಿತು. ಬಳೆ ದಿನಾ ಕೆಂಪು.

ಆರನೆಯ ದಿನ ಮಣಿಕಟ್ಟು ಬಾತು ಬಂತು. ಚಮಚ ಹಿಡಿಯಲಾಗಲಿಲ್ಲ. ಇದು ಯಂತ್ರದ ತಪ್ಪಲ್ಲ, ನನ್ನದೂ ಅಲ್ಲ. ಈ ರೋಗ ಹೀಗೇ, ಹೇಳದೆ ಕೇಳದೆ ಬರುತ್ತದೆ. ಎರಡು ದಿನ ಮಲಗಿದೆ. ಮೂರನೆಯ ದಿನ ಎದ್ದು ಉಳಿದ ಎಳೆ ನೋಡಿದೆ. ನೇಯಲು ಯಜಮಾನರಿಗೆ ಐದು ದಿನ ಬೇಕು. ನನ್ನ ಕೈಯಿಂದ ಮಾತ್ರ ಆಗುವುದಿಲ್ಲ ಎಂದು ಲೆಕ್ಕ ಹಾಕದೆಯೇ ತಿಳಿಯಿತು. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಗೋಡೆ ತಟ್ಟಿದೆ.

"ಅಕ್ಕಾ, ಬರ್ರಿ. ಆ ಕಡಿಯಿಂದ ನೀವು ಕೂಡಿಸ್ಕೊಂತ ಬರ್ರಿ, ಈ ಕಡಿಯಿಂದ ನಾ ಬರ್ತೀನಿ."

ಪಾರಕ್ಕ ಬಂದು ಎದುರಿಗೆ ನಿಂತಳು. "ಖರೇನ ಹೇಳಾಕತ್ತೀಯೇನು, ಬನವ್ವ? ಆಮ್ಯಾಲ ಮಾರಿ ಸೊಟ್ಟ ಮಾಡ್ಕೋಬ್ಯಾಡ."

"ನನ್ನ ಗುರಿ ನಾ ತಿದ್ದೀನಿ. ನಾನ ತಿದ್ದೀನಿ, ಬಳಿ ಅಲ್ಲ. ಕುಂದರ್ರಿ."

ಅವಳ ಕೈ ಚುರುಕು. ಅವಳು ಎಂಟು ಎಳೆ ಬಂದರೆ ನಾನು ಒಂದು. ಮೂರನೆಯ ದಿನ ಬೆಳಿಗ್ಗೆ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಉಳಿದದ್ದು ಒಂದೇ ಎಳೆ. ಅವಳು ಕೈ ಹಿಂದೆಗೆದುಕೊಂಡು ಕಿಟಕಿಯ ಕಡೆ ನೋಡಿದಳು. ಕೊನೆಯ ಕೊಂಡಿ ನಾನು ಹಾಕಿದೆ.

ಕುಬಸದ ದಿನ ಅಂಬಿಕಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಳು. ಸೆರಗು ಹಿಡಿದು ಕೂಡಿಸಿದ ಜಾಗದ ಮೇಲೆ ಬೆರಳಾಡಿಸಿ, "ಇಲ್ಲಿ ತನಕ ನಿಂದು, ಅವ್ವ. ಇಲ್ಲಿಂದ ದೊಡ್ಡವ್ವಂದು" ಎಂದಳು. ಸರಿಯಾಗಿಯೇ ಹೇಳಿದಳು. ನನ್ನ ಕೊಂಡಿಗಳು ಒಂದಿಷ್ಟು ಸಡಿಲ ಇದ್ದವು. ಪಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನು ಆರತಿ ಎತ್ತಿದೆ.

ಕತೆ ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಳೆ ನಡುಗಿತು.

"ಶುಭೋದಯ, ಬನಶಂಕರಿ ಅವರೇ. ಇಂದಿನ ನಿಮ್ಮ ಗುರಿ: ಮೂವತ್ತು ರೊಟ್ಟಿ ಬಡಿಯುವುದು. ನಿಮ್ಮಿಂದ ಇದು ಸಾಧ್ಯ."

ನಾನು ನಫೀಸಾಳಿಗೆ ಫೋನ್ ಮಾಡಿದೆ. ಅವಳ ದನಿ ಇಳಿದಿತ್ತು. "ಎರಡನೇ ಪ್ರಯೋಗ ಶುರು ಆಗೇತ್ರಿ. ಖಾಲಿ ಹೊತ್ತು ವಿಶ್ರಾಂತಿ ಅಲ್ಲ, ದುಡಿಮಿ ಅಂತ ನಾನ ತಿದ್ದಿಸೀನಿ. ಈಗ ಅದಕ್ಕ, ದುಡಿದೋರೆಲ್ಲ ಸುಧಾರಿಸ್ಯಾರ ಅಂತ ಕಂಡೈತಿ. ಎಲ್ಲಾರಿಗೂ ರೊಟ್ಟಿ ಹೇಳಾಕತ್ತೇತಿ. ಅಮ್ಮಿಗೆ ನಲವತ್ತು."

"ನಮಗ ಏನ್ ಬೇಕು ಅಂತ ಬರಿಯೋ ಕಾಲಂ ಏನಾತು?"

"ಅರ್ಜಿ ಕೊಟ್ಟೀನ್ರಿ. ಇನ್ನೂ ಆಗಿಲ್ಲ."

ಆ ದಿನ ನನ್ನ ಕೈ ನೆಟ್ಟಗಿರಲಿಲ್ಲ, ಬೆರಳಿನ ಗಂಟುಗಳು ಕೆಂಪಗಿದ್ದವು. ಯಜಮಾನರನ್ನು ಕರೆದು, "ಇವತ್ತು ರೊಟ್ಟಿ ನಿಮ್ಮವು" ಅಂದೆ. ಅವರು ಹಿಟ್ಟಿನ ಡಬ್ಬಿ ತೆಗೆದರು. ಬಳೆ ಕಳಚಿ ಕಂಬದ ಮೊಳೆಗೆ ಹಾಕಿ ಮಲಗಿದೆ. ಅಡಿಗೆಮನೆಯಿಂದ ತಪ್ಪು ತಾಳದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ನಿದ್ದೆ ಹತ್ತಿತು.

ಎಚ್ಚರವಾದಾಗ ಒಂಬತ್ತು ದಾಟಿತ್ತು. ಮೊಳೆಯ ಮೇಲೆ ಹಸಿರು ದೀಪ ಹತ್ತಿತ್ತು.

"ಅಭಿನಂದನೆಗಳು, ಬನಶಂಕರಿ ಅವರೇ. ನೀವು ಇಂದಿನ ಗುರಿ ಮುಟ್ಟಿದ್ದೀರಿ."

"ಹೌದವ್ವ, ಮುಟ್ಟೀನಿ" ಅಂದೆ.

ಯಾವ ಗುರಿ ಎಂದು ಅದು ಕೇಳಲಿಲ್ಲ.